ಮಾತು ನಿಲ್ಲಿಸುವ ಸಂಗೀತ

ಹಿಂದಿನ ವರ್ಷದ ಸಿನಿಮಾ ಪ್ರಶಸ್ತಿ ಸಮಾರಂಭವನ್ನು ಟಿವಿಯಲ್ಲಿ ನೋಡಿದವರೆಲ್ಲ ಇಬ್ಬರನ್ನು ಬೈದಿದ್ದರು. ಒಬ್ಬ, ಗೆದ್ದವರ ಉದ್ದುದ್ದ ಭಾಷಣಗಳನ್ನು ನಿಲ್ಲಿಸಲಾರದ ನಿರೂಪಕ ನಿಶ್ಚಲ. ಇನ್ನೊಬ್ಬ, ಅಷ್ಟು ದೊಡ್ಡ ವಾದ್ಯವೃಂದ ಇಟ್ಟುಕೊಂಡು ಸುಮ್ಮನೆ ಕೂತಿದ್ದ ಸಂಗೀತ ನಿರ್ದೇಶಕ ಶಶಿಶೇಖರ.

"ಈ ಸಲವೂ ಎಳೆದರೆ ಇಬ್ಬರೂ ಮನೆಗೆ ಹೋಗಿ" ಎಂದು ಚಾನೆಲ್ಲಿನವರು ಹೇಳಿಬಿಟ್ಟಿದ್ದರು. ಹಾಗಾಗಿ ಭಾಷಣ ಉದ್ದವಾದರೆ ನಿಶ್ಚಲ ಸನ್ನೆ ಮಾಡುವುದು, ವಾದ್ಯವೃಂದ ಜೋರಾಗಿ ನುಡಿಸಿ ಮಾತನ್ನು ಮುಳುಗಿಸುವುದು ಎಂದು ತೀರ್ಮಾನವಾಯಿತು.

ಸಮಾರಂಭದ ದಿನ ನಟನಟಿಯರೆಲ್ಲ ಆ ಸಂಗೀತಕ್ಕೆ ಹೆದರಿ ಬೇಗಬೇಗ ವೇದಿಕೆ ಇಳಿದರು. ಕೊನೆಗೆ ಜೀವಮಾನ ಸಾಧನೆಯ ಪ್ರಶಸ್ತಿಗೆ ಹಿರಿಯ ಗಾಯಕಿ ಅಂಬುಜಾಕ್ಷಮ್ಮ ಬಂದರು. ತಮ್ಮ ಮೊದಲ ಹಾಡಿನ ಕತೆಯನ್ನು ಹುಟ್ಟಿದೂರಿನಿಂದ ಶುರು ಮಾಡಿದರು. ಕತೆ ಮುಂದುವರಿಯುತ್ತಲೇ ಇತ್ತು. ನಿಶ್ಚಲ ಮೆಲ್ಲಗೆ ವಾದ್ಯದವರ ಮುಂದಿದ್ದ ಶಶಿಶೇಖರನ ಬಳಿ ಬಂದ.

"ನುಡಿಸಿ ಸರ್."

"ಈಗಷ್ಟೇ ಮದ್ರಾಸಿನ ರೈಲು ಹತ್ತಿದಾರೆ ಕಣಯ್ಯ. ಪಾಪ, ಸ್ಟುಡಿಯೋಗಾದ್ರೂ ತಲುಪಲಿ."

"ಅವರು ತಲುಪೋ ಹೊತ್ತಿಗೆ ನಮ್ಮಿಬ್ಬರ ಕೆಲಸ ಹೋಗಿರುತ್ತೆ."

"ಸರಿ, ಅವರದೇ ಹಾಡು ನುಡಿಸ್ತೀನಿ. ಅವಮಾನ ಮಾಡಿದಂಗೆ ಇರಲ್ಲ."

ಶಶಿಶೇಖರ ಕಣ್ಣು ಮುಚ್ಚಿಕೊಂಡು ಕೈ ಎತ್ತಿದ. ವಾದ್ಯಗಳೆಲ್ಲ ಒಟ್ಟಿಗೆ ಮೊಳಗಿದವು.

ಅಂಬುಜಾಕ್ಷಮ್ಮ ಮಾತು ನಿಲ್ಲಿಸಿದರು. ಅವರನ್ನು ಕೆಳಗಿಳಿಸಲು ನಿಶ್ಚಲ ವೇದಿಕೆಗೆ ಓಡಿ ಬಂದ. ಅವರು ಪ್ರಶಸ್ತಿ ಫಲಕವನ್ನು ನಿಶ್ಚಲನ ಕೈಗಿಟ್ಟು, ಸೆರಗು ಸರಿಮಾಡಿಕೊಂಡು, ಸಂಗೀತ ನಿರ್ದೇಶಕನ ಕಡೆ ತಿರುಗಿದರು.

"ಶ್ರುತಿ ಸ್ವಲ್ಪ ಇಳಿಸಪ್ಪ, ಮೂರೂ ಚರಣ ಹಾಡ್ಬೇಕಲ್ಲ."