ಬೀಗಿತ್ತಿಯ ನೈಟಿ

ತವರಿಗೆ ಬಂದ ಮಗಳು ಸ್ನಾನ ಮುಗಿಸಿ ಹೊರಬಂದಳು. ಮೈಮೇಲಿದ್ದದ್ದು ತಾಯಿ ಅವಳಿಗೆಂದೇ ತಂದು ಮಂಚದ ಮೇಲಿಟ್ಟಿದ್ದ ಹೊಸ ನೈಟಿಯಲ್ಲ. ಬಣ್ಣ ಮಾಸಿ, ಕಂಕುಳಲ್ಲಿ ತೇಪೆ ಹಾಕಿದ ಯಾವುದೋ ಹಳೆಯದು.

"ಯಾರದೇ ಅದು?"

"ನಮ್ಮತ್ತೇದು. ಒಗೆದು ಒಗೆದು ಬೆಣ್ಣೆ ಥರ ಆಗಿದೆಯಮ್ಮ. ಮನೇಲಿರೋಕೆ ಇದೇ ಆರಾಮ."

"ಮತ್ತೆ ನಾನು ತಂದದ್ದು?"

"ಅದಾ? ತುಂಬಾ ಚೆನ್ನಾಗಿದೆ. ಯಾರಾದ್ರೂ ನೆಂಟರು ಬಂದಾಗ ಹಾಕ್ಕೋತೀನಿ ಬಿಡು."

ತಾಯಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಸೀರೆಯುಟ್ಟು ಹೊರಬಂದಳು. ಅಷ್ಟು ಹೊತ್ತೂ ತಾನು ತೊಟ್ಟಿದ್ದ ನೈಟಿ ಈಗ ಕೈಯಲ್ಲಿತ್ತು. ಅದರಲ್ಲಿ ಮೈಯ ಬಿಸಿ ಇನ್ನೂ ಆರಿರಲಿಲ್ಲ.

"ಬೀಗಿತ್ತೀದು ಬಿಚ್ಚೇ," ಎಂದು ಅದನ್ನು ಮಗಳ ಮುಂದೆ ಹಿಡಿದಳು. "ನಂದು ಅದಕ್ಕಿಂತ ಹಳೇದು."