ಹಗುರ ಯಂತ್ರದ ದೋಷಗಳು

ಹನ್ನೊಂದನೇ ಮಹಡಿಯ ಮೇಲೆ, ಲಿಫ್ಟಿನ ಯಂತ್ರದ ಕೋಣೆಯಲ್ಲಿ ಕೂತು ದೊಡ್ಡಣ್ಣ ಒಂದು ಒಳ್ಳೆಯ ಲ್ಯಾಪ್‌ಟಾಪಿನ ಹೆಸರು ಕೆಡಿಸುತ್ತಿದ್ದ.

‘ಕೀಲಿಗಳು ಸದ್ದು ಮಾಡುವುದಿಲ್ಲ,’ ಎಂದು ವರದಿಯಲ್ಲಿ ಬರೆದ. ‘ಒಳಗೆ ಕೆಲಸ ನಡೆಯುತ್ತಿದೆಯೆಂದು ಪಕ್ಕದ ಕೋಣೆಗೆ ತಿಳಿಯುವುದಿಲ್ಲ. ಇದು ದೋಷ.’

ತಂಗಿ ಆಗಷ್ಟೇ ಮೆಟ್ಟಿಲು ಮುಗಿಸಿ ಬಂದು ಗೋಡೆಗೆ ಒರಗಿದಳು. ಸ್ವಂತ ತಂಗಿಯಲ್ಲ, ಜೊತೆಯ ಕೆಲಸದವಳು. ಅವನು ಕರೆದು ಕರೆದು ಆಫೀಸಿಗೆಲ್ಲ ತಂಗಿಯಾಗಿದ್ದಳು. ಲಿಫ್ಟ್ ತಪಾಸಣೆಯವರ ಹಣೆಬರಹ ವಿಚಿತ್ರ: ಮೊದಲು ಲಿಫ್ಟ್ ನಿಲ್ಲಿಸಬೇಕು, ಆಮೇಲೆ ಮೇಲೆ ಹತ್ತಬೇಕು. ಅವಳ ಬೆನ್ನ ಮೇಲೆ ಹಳೆಯ ಲ್ಯಾಪ್‌ಟಾಪ್. ಚಾರ್ಜರ್ ಸೇರಿ ನಾಲ್ಕು ಕಿಲೋ. ಎಲ್ಲರೂ ಅದನ್ನು ಚಪ್ಪಡಿ ಎನ್ನುತ್ತಿದ್ದರು.

ಬೆನ್ನಿನ ಮೂಳೆ ಸವೆದಿದೆ, ಇನ್ನೂ ಭಾರ ಹೊತ್ತರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಹಗುರ ಯಂತ್ರ ಕೈಗೆ ಬಂದರೆ ಅವಳ ಕೆಲಸ ಉಳಿಯುತ್ತದೆ. ಇಲ್ಲವಾದರೆ ಬಿಡಬೇಕು.

ತಪಾಸಣೆಯವರಿಗೆಂದು ಹಗುರ ಲ್ಯಾಪ್‌ಟಾಪ್ ಯಂತ್ರಗಳೇನೋ ಬಂದಿದ್ದವು. ಎಂಟು. ಒಂದೊಂದೂ ಒಂದು ಕಿಲೋ ಇಲ್ಲ. ಆಫೀಸಿನ ರೀತಿಯೇ ಹಾಗೆ: ಮೊದಲು ಕೊಳ್ಳುವುದು, ನಂಬರಿನ ಚೀಟಿ ಅಂಟಿಸುವುದು, ಆಮೇಲೆ ಕೊಳ್ಳಬಹುದೇ ಎಂದು ಪರೀಕ್ಷೆ ಮಾಡಿಸುವುದು. ಹಿಂದೊಮ್ಮೆ ತಪಾಸಣೆಯವರ ಬೆನ್ನುಚೀಲಗಳನ್ನು ತಂಗಿಯೇ ಪರೀಕ್ಷಿಸಿ ಎರಡು ಪುಟ ಹೊಗಳಿದ್ದಳು. ಸಾಹೇಬರಿಗೆ ವರದಿ ಬಹಳ ಹಿಡಿಸಿತು. ಅವರ ಅಳಿಯ ಆ ಚೀಲ ಹೊತ್ತು ಊರೂರು ಸುತ್ತಿ ಬಂದ.

ಈ ಸಲ ಪರೀಕ್ಷೆ ದೊಡ್ಡಣ್ಣನ ಪಾಲಿಗೆ. ನಿವೃತ್ತಿಗೆ ಮೂರು ತಿಂಗಳು. ಇನ್ನೊಂದು ವರ್ಷ ಇಟ್ಟುಕೊಳ್ಳಿ ಎಂಬ ಅವನ ಅರ್ಜಿ ಸಾಹೇಬರ ಮೇಜಿನ ಮೇಲಿತ್ತು.

ತಂಗಿ ಬಗ್ಗಿ ವರದಿ ಓದಿದಳು.

“ಏನಣ್ಣಾ ಇದು? ನಿನ್ನೆ ತಾನೇ ‘ಮಗು ಎತ್ಕೊಂಡಷ್ಟೂ ಭಾರ ಇಲ್ಲ’ ಅಂದ್ರಲ್ಲ?”

“ಅಂದೆ.”

“ಇದನ್ನ ಓದಿದ್ರೆ ಎಂಟನ್ನೂ ವಾಪಸ್ ಕಳಿಸ್ತಾರೆ. ಸಾಹೇಬರು ದುಡ್ಡು ಉಳಿಸ್ದೆ ಅಂತ ಮೀಸೆ ತಿರುವ್ತಾರೆ. ನಿಮಗೆ ಒಂದು ವರ್ಷ ಸಿಗುತ್ತೆ. ಅಲ್ವಾ?”

“ನೀರು ಕುಡಿ. ಬೆವತಿದ್ದೀಯ.”

ಮರುದಿನ ಸಾಹೇಬರ ಕೋಣೆಯಲ್ಲಿ ವರದಿಯ ವಿಚಾರಣೆ. ಸಾಹೇಬರು ಮೆಟ್ಟಿಲು ಕಂಡು ಹತ್ತು ವರ್ಷವಾಗಿತ್ತು. ಯಂತ್ರವನ್ನು ಎರಡು ಬೆರಳಲ್ಲಿ ಎತ್ತಿದರು. ಮಡಿಲಲ್ಲಿಟ್ಟರು. ಹೊಟ್ಟೆಯ ಮೇಲೂ ಇಟ್ಟು ನೋಡಿದರು.

“ಗರಿ ಇದ್ದಂಗಿದೆಯಲ್ರೀ! ಇದರಲ್ಲೇನು ದೋಷ?”

“ಅದೇ ಸಾರ್,” ಎಂದ ದೊಡ್ಡಣ್ಣ. “ಇಷ್ಟು ದೊಡ್ಡ ಮೇಜಿನ ಮೇಲೆ ಇದು ಕಾಣೋದೇ ಇಲ್ಲ. ಎದುರಿಗೆ ಕೂತವರು ಸಾಹೇಬರಿಗೆ ಕೆಲಸ ಇಲ್ಲ ಅಂದ್ಕೋತಾರೆ.”

ಸಾಹೇಬರು ಅದನ್ನು ಹೊಟ್ಟೆಯಿಂದ ಇಳಿಸಿದರು. “ಪರದೆ?”

“ಬಿಸಿಲಲ್ಲಿ ಚೆನ್ನಾಗಿ ಕಾಣುತ್ತೆ. ಎ.ಸಿ. ಕೋಣೆಗೆ ಬಿಸಿಲು ಎಲ್ಲಿಂದ ತರೋಣ?”

“ಬ್ಯಾಟರಿ?”

“ಸಂಜೆಯಾದ್ರೂ ಮುಗಿಯಲ್ಲ ಸಾರ್. ಚಾರ್ಜು ಹೋಯ್ತು ಅಂತ ಮೀಟಿಂಗಿಂದ ಎದ್ದು ಬರೋಕೂ ದಾರಿ ಇಲ್ಲ.”

ಸಾಹೇಬರ ಮುಖ ಸಣ್ಣದಾಯಿತು. ದೊಡ್ಡಣ್ಣ ನಿಧಾನವಾಗಿ ಮುಂದುವರಿಸಿದ: “ಹಳೇದೇ ಗಟ್ಟಿ ಸಾರ್. ಮೇಜಿನ ಮೇಲಿಟ್ರೆ ಧಡ್ ಅನ್ನುತ್ತೆ. ಬಂದವರು ಎದ್ದು ನಿಲ್ತಾರೆ.”

ಬಾಗಿಲ ಬಳಿ ನಿಂತಿದ್ದ ತಂಗಿ ಹಲ್ಲು ಕಚ್ಚಿದಳು. ಮೂವತ್ತು ವರ್ಷ ಮೆಟ್ಟಿಲು ಹತ್ತಿದವನು ಕೊನೆಗೆ ಬೆಣ್ಣೆ ಹಚ್ಚಲು ಕಲಿತಿದ್ದ. ಅವನು ಹೊರಗೆ ಬಂದೊಡನೆ ದಾರಿಗೆ ಅಡ್ಡ ನಿಂತಳು.

“ಒಂದು ವರ್ಷದ ಸಂಬಳಕ್ಕೆ ನನ್ನ ಬೆನ್ನು ಮಾರಿದ್ರಿ, ಅಣ್ಣಾ.”

ಅವನ ಕಣ್ಣು ಅವಳ ಕೈಯಲ್ಲಿದ್ದ ಕಾಗದದ ಮೇಲಿತ್ತು. “ರಾಜೀನಾಮೆನಾ?”

“ಹೌದು.”

“ತಾರೀಖು ಹಾಕಬೇಡ.”

“ಅದಕ್ಕೂ ನಿಮ್ಮ ಅಪ್ಪಣೆ ಬೇಕಾ?”

ಮಾರನೆಯ ಬೆಳಗ್ಗೆ ಅವಳು ದಪ್ಪ ಅಕ್ಷರದಲ್ಲಿ ತಾರೀಖು ಹಾಕಿಯೇ ಬಂದಳು. ಸೂಚನಾ ಫಲಕದ ಮುಂದೆ ಜನ ಸೇರಿದ್ದರು. ಹೊಸದಾಗಿ ಅಂಟಿಸಿದ ಎರಡು ಹಾಳೆ. ಮೊದಲನೆಯದನ್ನು ಓದಿದಳು: ‘ಹೊಸ ಯಂತ್ರಗಳಿಗೆ ಒಗ್ಗಿಕೊಳ್ಳಲಾರದ ಹಿರಿಯ ತಪಾಸಣೆಗಾರರ ಸೇವೆ ಮುಂದುವರಿಸುವ ಅರ್ಜಿಯನ್ನು ತಿರಸ್ಕರಿಸಲಾಗಿದೆ.’

ಚೆನ್ನಾಗಿ ಆಯಿತು ಎಂದುಕೊಂಡಳು. ಅಷ್ಟು ಬಾಗಿದರೂ ಆ ಒಂದು ವರ್ಷ ದಕ್ಕಲಿಲ್ಲ. ದೊಡ್ಡಣ್ಣ ಪಕ್ಕದಲ್ಲೇ ನಿಂತಿದ್ದ. ಮೊದಲ ಹಾಳೆಯತ್ತ ಅವನು ಕಣ್ಣು ಕೂಡ ಹಾಯಿಸಿರಲಿಲ್ಲ. ಎರಡನೆಯದನ್ನು ಮಾತ್ರ ಬೆರಳಿಟ್ಟು, ಒಂದೊಂದೇ ಪದ ಸವಿದು ಓದುತ್ತಿದ್ದ.

‘ಅಧಿಕಾರಿಗಳ ಘನತೆಗೆ ಸಲ್ಲವೆಂದು ವರದಿಯಾಗಿರುವ ಎಂಟು ಚಿಕ್ಕ ಯಂತ್ರಗಳನ್ನು ಇಂದೇ ತಪಾಸಣೆಯವರಿಗೆ ಹಂಚಿ, ಅವರ ಬಳಿಯಿರುವ ಗಟ್ಟಿಮುಟ್ಟಾದ ಹಳೆಯ ಯಂತ್ರಗಳನ್ನು ಅಧಿಕಾರಿಗಳ ಮೇಜಿಗೆ ತಲುಪಿಸತಕ್ಕದ್ದು.’