ಹಾಲಿನ ಲಾರಿ

ಪುಟ್ಟ ಲಾರಿಯಲ್ಲಿ ಕೊನೆಗೆ ಉಳಿದಿದ್ದ ಹಿಂಬಾಗಿಲಿಗೆ ಬಿಳಿ ಬಣ್ಣ ಹಚ್ಚಲು ಹೊರಟ ಮಗಳ ಕೈಯನ್ನು ಅಪ್ಪ ತಟ್ಟನೆ ಹಿಡಿದುಕೊಂಡರು.

ಅದು ಗೇಣುದ್ದದ ಮಿಲಿಟರಿ ಲಾರಿಯ ಮಾದರಿ. ಸೇನೆಯಲ್ಲಿ ಡ್ರೈವರ್ ಆಗಿದ್ದ ಅಪ್ಪನಿಗೆ ನಿವೃತ್ತಿಯ ದಿನ ಜೊತೆಗಾರರು ಕೊಟ್ಟದ್ದು. ಅದು ಕಣ್ಣಿಗೆ ಬಿದ್ದರೆ ಅಪ್ಪ ಮಂಕಾಗುತ್ತಿದ್ದರು, ಎಸೆಯಲೂ ಬಿಡುತ್ತಿರಲಿಲ್ಲ. ಅದಕ್ಕೇ ಅಂಗಡಿಗಳಿಗೆ ಬೋರ್ಡ್ ಬರೆಯುವ ಮಗಳು ಮೇಲಿನ ಬಂದೂಕು, ಕಿಟಕಿಯ ಜಾಲರಿ ಕಿತ್ತು, ಹಸಿರಿನ ಮೇಲೆ ಬಿಳಿ ಬಳಿದು, ಪಕ್ಕದಲ್ಲಿ ನೀಲಿಯಲ್ಲಿ ‘ಹಾಲು’ ಎಂದು ಬರೆದಿದ್ದಳು. “ನಾನು ಬಿಟ್ಟು ಬಂದು ಹತ್ತು ವರ್ಷ ಆಯ್ತು, ಗಾಡಿಗೆ ಈಗ ಬಿಡುಗಡೆ ನೋಡು,” ಎಂದು ಅಪ್ಪ ಬೆಳಿಗ್ಗೆ ನಕ್ಕಿದ್ದರು ಕೂಡ.

“ಇದೊಂದು ಹಸಿರಾಗೇ ಇರಲಿ ಬಿಡಮ್ಮ.”

“ಯಾಕಪ್ಪಾ? ಇನ್ನೇನು ಮುಗಿದೇಹೋಯ್ತಲ್ಲ.”

“ಅವತ್ತು ನಾನು ಓಡಿಸ್ತಿದ್ದ ಗಾಡಿಗೆ ಬೆಂಕಿ ಹತ್ತಿದಾಗ ಹಿಂದೆ ಒಂಬತ್ತು ಜನ ಇದ್ರು. ಈ ಬಾಗಿಲಿನ ಚಿಲಕಾನ ಹೊರಗಿಂದ ನಾನೇ ತೆಗೀಬೇಕಿತ್ತು. ತೆಗೀಲಿಲ್ಲ ಕಣಮ್ಮ. ಓಡಿಬಿಟ್ಟೆ.”

ಆ ಬೆಂಕಿಯಲ್ಲಿ ಒಂಬತ್ತು ಜನ ಸತ್ತ ಸುದ್ದಿ ಮನೆಯವರಿಗೆಲ್ಲ ಗೊತ್ತಿತ್ತು. ಓಡಿದ್ದು ಯಾರಿಗೂ ಗೊತ್ತಿರಲಿಲ್ಲ. ಮಗಳಿಗೆ ಎದ್ದು ಹೊರಗೆ ಹೋಗಿಬಿಡಬೇಕೆನ್ನಿಸಿತು. ಆದರೆ ಕುಂಚ ಕೆಳಗಿಟ್ಟು, “ಅವರ ಹೆಸರು ನೆನಪಿದ್ಯಾ ಅಪ್ಪಾ?” ಎಂದಳು.

ಅಪ್ಪ ತಲೆ ತಗ್ಗಿಸಿ, ಎಲ್ಲೂ ತಡವರಿಸದೆ, ಒಂದೊಂದೇ ಹೆಸರು ಹೇಳತೊಡಗಿದರು.